ಬಸ್ಸಿನ ಹಣೆಯ ಫೋಟೋಗಳು

ಗೋಕಾಕ
20 ಜೂನ್ 2005

ಚಿ. ಶುಭಾಂಗಿಗೆ ಆಶೀರ್ವಾದ.

ಇದರ ಜೊತೆಗಿರುವ ಡಬ್ಬಿಯನ್ನು ಜೋಪಾನವಾಗಿ ಬಿಚ್ಚು. ಒಳಗೆ ಡಿಜಿಟಲ್ ಕ್ಯಾಮೆರಾ ಇದೆ. ಸ್ಟುಡಿಯೋಕ್ಕೆಂದು ಹೋದ ವರ್ಷ ಬೆಳಗಾವಿಯಿಂದ ತಂದದ್ದು. ಮದುವೆಮನೆಯಲ್ಲಿ ನನ್ನ ಕೆಲಸಕ್ಕೆ ಬರಲಿಲ್ಲ. ಗುಂಡಿ ಒತ್ತಿದ ಮೇಲೆ ಒಂದು ಗಳಿಗೆ ಯೋಚನೆ ಮಾಡಿ ಫೋಟೋ ತೆಗೆಯುತ್ತದೆ; ಅಷ್ಟರಲ್ಲಿ ಅಕ್ಷತೆ ನೆಲಕ್ಕೆ ಬಿದ್ದಿರುತ್ತದೆ. ನಿನ್ನ ಶಾಲೆಯ ಮಕ್ಕಳಿಗೆ ಅಷ್ಟು ಅವಸರ ಇರಲಿಕ್ಕಿಲ್ಲ.

ಹಿಂಬದಿಯ ಸಣ್ಣ ಪರದೆಯಲ್ಲಿ ತೆಗೆದ ಫೋಟೋ ಕಾಣುತ್ತದೆ. ಭೂತಗನ್ನಡಿಯ ಗುರುತಿರುವ ಗುಂಡಿ ಒತ್ತಿದರೆ ದೊಡ್ಡದಾಗುತ್ತ ಹೋಗುತ್ತದೆ. ಹೂವಿನ ಗುರುತು ತೀರ ಹತ್ತಿರದ ವಸ್ತುಗಳಿಗೆ. ಸಾದಾ ಸೆಲ್ ಹಾಕಬೇಡ, ಒಂದೇ ದಿನದಲ್ಲಿ ಕುಡಿದುಬಿಡುತ್ತದೆ; ಚಾರ್ಜ್ ಮಾಡುವ ಸೆಲ್ ಇಟ್ಟಿದ್ದೇನೆ. ಫೋಟೋ ಸೇರುವ ಕಾರ್ಡು ಎರಡಿವೆ. ಒಂದು ತುಂಬಿದಾಗ ಬೆಂಕಿಪೊಟ್ಟಣದಲ್ಲಿಟ್ಟು ಅಂಚೆಗೆ ಹಾಕು, ಪ್ರಿಂಟು ಹಾಕಿಸಿ ಕಳಿಸುತ್ತೇನೆ. ಮನೆಮಾಲೀಕರ ಫೋನಿಗೆ ಮಾಡಿದರೆ ಅವರ ಮನೆಯವರೆಲ್ಲ ಸುತ್ತ ಬಂದು ಕೂಡುತ್ತಾರೆ ಅಂದೆಯಲ್ಲ, ಹಾಗಾಗಿ ನಮಗೆ ಪತ್ರವೇ ಇರಲಿ.

ಇನ್ನೊಂದು ವಿಷಯ. ಹುಕ್ಕೇರಿಯವರು ನಿನ್ನ ಫೋಟೋ ಕೇಳಿದ್ದಾರೆ. ಬಟ್ಟೆ ಅಂಗಡಿಯ ಮನೆತನ. ಹುಡುಗನ ಹೆಸರು ಅರಿಹಂತ, ತಾಯಿ ಜಿನ್ನವ್ವ. ಅಣ್ಣ ಇದ್ದಿದ್ದರೆ ಇದನ್ನು ಅವನೇ ಬರೆಯುತ್ತಿದ್ದ. ಅಣ್ಣ, ಅತ್ತಿಗೆ ಹೋದ ಮೇಲೆ ನಿನ್ನನ್ನು ಮಮದಾಪುರದಿಂದ ಇಲ್ಲಿಗೆ ಕರೆತಂದಾಗಿನಿಂದ ಇದು ನನ್ನ ಪಾಲಿನ ಕೆಲಸ. ಒಂದು ಒಳ್ಳೆಯ ಫೋಟೋ ತೆಗೆಸಿ ಕಳಿಸು.

ಕಾಕಿ ಶೇಂಗಾ ಚಟ್ನಿ ಇಟ್ಟಿದ್ದಾಳೆ. ಕ್ಯಾಮೆರಾಕ್ಕೆ ಎಣ್ಣೆಕೈ ತಾಗಿಸಬೇಡ.

ನಿನ್ನ ಕಾಕಾ
ಆದಿನಾಥ


ಮೂಡಲಗಿ
18 ಜುಲೈ 2005

ತೀರ್ಥರೂಪ ಕಾಕಾ ಅವರಿಗೆ ಶುಭಾಂಗಿಯ ನಮಸ್ಕಾರ.

ಕ್ಯಾಮೆರಾ, ಚಟ್ನಿ ಎರಡೂ ಕ್ಷೇಮವಾಗಿ ಮುಟ್ಟಿದವು. ಚಟ್ನಿ ಮುಗಿದಿದೆ. ಕ್ಯಾಮೆರಾ ಕೊರಳಲ್ಲೇ ಇರುತ್ತದೆ. ಹೀಗೆ ಹಾಕಿಕೊಂಡೇ ದಿನಾ ಬಸ್ಸು ಹತ್ತಿ ತುಕ್ಕಾನಟ್ಟಿಯ ಶಾಲೆಗೆ ಹೋಗುತ್ತೇನೆ. ಮೂಡಲಗಿ ಸ್ಟ್ಯಾಂಡಿನ ಜನ ನನ್ನನ್ನು ಪೇಪರಿನವಳು ಎಂದುಕೊಂಡಿದ್ದಾರೆ. ಅಲ್ಲಿ ಪೇರಲಹಣ್ಣು ಮಾರುವ ಕರೆವ್ವ ಎಂಬ ಮುದುಕಿ ಇದ್ದಾಳೆ. ‘ನಂದೂ ಒಂದ ಹೊಡಿಯವ್ವಾ’ ಅಂದಳು. ತೆಗೆದು ಪರದೆ ತೋರಿಸಿದೆ. ‘ಅಯ್ಯ, ಇಷ್ಟ ಸಣ್ಣಾಕಿ ಆದ್ನೇನ ನಾ?’ ಎಂದು ಮುಖ ಸಣ್ಣದು ಮಾಡಿದಳು. ಗುಂಡಿ ಒತ್ತಿ ದೊಡ್ಡದು ಮಾಡಿ ತೋರಿಸಿದಾಗ, ‘ಹಾಂ, ಈಗ ನಾನಽ ನೋಡು’ ಎಂದು ಸಮಾಧಾನವಾಯಿತು. ನನಗೂ ಹಾಗೇ ಅನ್ನಿಸಿತು. ಕಾಕಾ, ಇದು ಬಹಳ ಉಪಯೋಗದ ವಸ್ತು. ನಿಮಗೆ ಇದರ ಉಪಕಾರ ಪೂರ್ತಿ ಗೊತ್ತಿರಲಿಕ್ಕಿಲ್ಲ.

ಕರೆವ್ವನದು ಮತ್ತು ಮಕ್ಕಳು ಸಸಿ ನೆಡುವ ಕೆಲವನ್ನು ಪ್ರಿಂಟು ಹಾಕಿಸಿ. ಯಾವುವು ಎಂದು ಚೀಟಿಯಲ್ಲಿ ಬರೆದಿದ್ದೇನೆ. ಉಳಿದವು ಬೇಡ, ಅಳಿಸಿಬಿಡಿ.

ನನ್ನ ಫೋಟೋ ಇಲ್ಲ. ಕ್ಯಾಮೆರಾ ಹಿಡಿದವರು ಅದರೊಳಗೆ ಬರುವುದಿಲ್ಲವಲ್ಲ.

ನಿಮ್ಮ
ಶುಭಾಂಗಿ


ಗೋಕಾಕ
2 ಆಗಸ್ಟ್ 2005

ಚಿ. ಶುಭಾಂಗಿಗೆ,

ಪ್ರಿಂಟುಗಳನ್ನು ಕಳಿಸಿದ್ದೇನೆ. ಕರೆವ್ವನ ಫೋಟೋ ಚೆನ್ನಾಗಿದೆ. ಬೆಳಕು ಪಕ್ಕದಿಂದ ಬಂದು ಮುಖದ ಗೆರೆಗಳೆಲ್ಲ ಎದ್ದಿವೆ. ನಿನಗೆ ಗೊತ್ತಿಲ್ಲದೆ ಬಂದದ್ದು, ಆದರೂ ಚೆನ್ನಾಗಿದೆ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ಒಳಗಿದ್ದವೆಲ್ಲ ಸಾಲಾಗಿ ತೆರೆದುಕೊಳ್ಳುತ್ತವೆ. ಬೇಡವೆಂದರೂ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ನಾಲ್ಕು ಮಾತು ಹೇಳಬೇಕಾಗಿದೆ. ಬಸ್ಸಿನ ಫೋಟೋ ತೆಗೆಯುವುದಾದರೆ ಇಡೀ ಬಸ್ಸು ತೆಗೆ. ನಿನ್ನವುಗಳಲ್ಲಿ ಬಸ್ಸಿನ ಹಣೆಯಷ್ಟೇ ಇದೆ; ಗಾಲಿ ಇಲ್ಲ, ಬಾಗಿಲು ಇಲ್ಲ. ಅವೂ ಒಂದೆರಡಲ್ಲ. ಇನ್ನು ತರಗತಿ. ದಿನಾ ಬೆಳಿಗ್ಗೆ ಅದೇ ಕೋಣೆ, ಅದೇ ಜಾಗದಿಂದ, ಮಕ್ಕಳು ಅದೇ ಸಾಲಿನಲ್ಲಿ. ಫಿಲ್ಮ್ ಖರ್ಚಾಗುವುದಿಲ್ಲವೆಂದು ಕೈ ಸಡಿಲ ಬಿಟ್ಟರೆ ಕಣ್ಣೂ ಸಡಿಲವಾಗುತ್ತದೆ. ನಾವು ರೋಲ್ ಹಾಕುವ ಕಾಲದಲ್ಲಿ ಗುಂಡಿ ಒತ್ತುವ ಮೊದಲೇ ಫೋಟೋ ನೋಡಿಬಿಡುತ್ತಿದ್ದೆವು. ನೀನು ಒತ್ತಿದ ಮೇಲೆ ನೋಡುತ್ತಿದ್ದೀಯ.

ನನ್ನ ಜೂನ್ ತಿಂಗಳ ಪತ್ರದ ಫೋಟೋಗಳೂ ಇದ್ದವು, ಒಂದೊಂದು ತುಂಡು ಒಂದೊಂದರಲ್ಲಿ. ಕಾಕಿಗೆ ತೋರಿಸಿದೆ. ‘ಕಾಕಾನ ಪತ್ರಾನೂ ಜ್ವಾಕಿ ಮಾಡಿ ಇಟ್ಟಾಳ ನೋಡ್ರಿ’ ಅಂದಳು. ಆ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಹುಕ್ಕೇರಿಯವರು ಮತ್ತೆ ಕೇಳಿದರು. ನಿಮ್ಮ ಹೆಡ್‌ಮಾಸ್ತರರ ಕೈಗೆ ಕ್ಯಾಮೆರಾ ಕೊಟ್ಟು ನಿಂತುಕೋ.

ಕಾಕಾ


ಮೂಡಲಗಿ
29 ಆಗಸ್ಟ್ 2005

ಪೂಜ್ಯ ಕಾಕಾ,

ಹೆಡ್‌ಮಾಸ್ತರರು ತೆಗೆದ ಫೋಟೋ ಈ ಕಾರ್ಡಿನಲ್ಲಿದೆ. ನೋಟ ಸ್ವಲ್ಪ ಪಕ್ಕಕ್ಕೆ ಹೋಗಿದೆ. ಅವರು ಹೇಳದೆಯೇ ಗುಂಡಿ ಒತ್ತಿದರು. ಹುಕ್ಕೇರಿಗೆ ಇದೇ ಸಾಕು.

ಬಸ್ಸಿನ ಬಗ್ಗೆ ಬರೆದಿರಿ. ನನಗೆ ಅವುಗಳ ಬಣ್ಣ ಹಿಡಿಸುತ್ತದೆ, ಅಷ್ಟೇ. ತರಗತಿಯ ಬಗ್ಗೆ ಮಕ್ಕಳೂ ನಿಮ್ಮ ಹಾಗೆಯೇ ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ಚನ್ನವ್ವ ಎಂಬ ಹುಡುಗಿ ಇದ್ದಾಳೆ, ಕುರಿ ಕಾಯುವವರ ಮಗಳು, ಬಾಯಿಗೆ ಬೀಗವಿಲ್ಲ.

‘ಅಕ್ಕೋರ, ದಿನಾ ಯಾಕ್ರಿ ನಮ್ಮ ಫೋಟೋ ತಗೀತೀರಿ?’

‘ನೀವು ದಿನಾ ಬೆಳೀತೀರಲ್ಲ, ಅದಕ್ಕ.’

‘ನಿನ್ನಿಗಿಂತ ಇವತ್ತ ನಾ ಎಷ್ಟ ಬೆಳದೇನ್ರಿ?’

ಹಾಜರಿ ಕರೆಯಲು ಶುರು ಮಾಡಿದೆ.

ಮುಂದೆ ಪತ್ರ ಬರೆಯುವಾಗ ನೀಲಿ ಇಂಕಿನ ಬದಲು ಕಪ್ಪು ಇಂಕು ಬಳಸಿ. ಅಕ್ಷರ ಸ್ವಲ್ಪ ಬಿಡಿಬಿಡಿಯಾಗಿರಲಿ. ಫೋಟೋದಲ್ಲಿ ಇನ್ನೂ ಚೆನ್ನಾಗಿ ಬರುತ್ತದೆ.

ಶುಭಾಂಗಿ


ಗೋಕಾಕ
14 ನವೆಂಬರ್ 2005

ಚಿ. ಶುಭಾಂಗಿಗೆ,

ಕಪ್ಪು ಇಂಕಿನಲ್ಲೇ ಬರೆಯುತ್ತಿದ್ದೇನೆ. ಸಾವಧಾನವಾಗಿ ಓದು.

ದಸರೆಯ ರಜೆಯಲ್ಲಿ ಹುಕ್ಕೇರಿಯವರು ನಮ್ಮ ಮನೆಗೆ ಬಂದು ನಿನ್ನನ್ನು ನೋಡಿ ಒಪ್ಪಿ ಹೋದರು. ನೀನೂ ಒಪ್ಪಿದೆ. ಇಷ್ಟಾದ ಮೇಲೆ ನಿನ್ನ ಕಳೆದ ಎರಡು ಕಾರ್ಡುಗಳನ್ನು ನೋಡುವಾಗ ನನ್ನ ಮನಸ್ಸಿನಲ್ಲಿ ಒಂದು ಸಂಶಯ ಬಂತು. ಬಸ್ಸಿನ ಫೋಟೋಗಳ ಎಡಬದಿಯಲ್ಲಿ ಒಬ್ಬ ಗಂಡಸು ನಿಂತಿರುತ್ತಾನೆ. ನೀಲಿ ಅಂಗಿ, ಬಗಲಲ್ಲಿ ಫೈಲು. ಒಂದರಲ್ಲಿದ್ದರೆ ಬಿಡುತ್ತಿದ್ದೆ. ಎಷ್ಟೋ ಫೋಟೋಗಳಲ್ಲಿ ಇದ್ದಾನೆ. ಬಸ್ಸಿನ ಹೆಸರಿನಲ್ಲಿ ನೀನು ಅವನನ್ನು ತೆಗೆಯುತ್ತಿದ್ದೀಯ ಎಂದು ನನಗೆ ಅನ್ನಿಸಿತು.

ನಿನಗೆ ತಿಳಿಸದೆ ಶನಿವಾರ ಮೂಡಲಗಿಗೆ ಬಂದೆ. ಚಹದಂಗಡಿಯ ಮರೆಗೆ ಸರಿಯುವ ಮೊದಲೇ ನೀನು ಎದುರಿಗೆ ಬಂದುಬಿಟ್ಟೆ. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ನೀನು ಏನೋ ಗಡಿಬಿಡಿಯಲ್ಲಿದ್ದೆ, ನನ್ನನ್ನು ನೋಡದೆ ಹೋದೆ. ಬಸ್ಸಿನ ಫೋಟೋ ತೆಗೆದೆ, ಪರದೆಯನ್ನು ಮೂಗಿಗೆ ಹಿಡಿದು ನೋಡಿಕೊಂಡೆ, ಹತ್ತಿದೆ. ಬಸ್ಸು ಹೋದ ಮೇಲೂ ಆ ಮನುಷ್ಯ ಅಲ್ಲೇ ಇದ್ದ. ಹೋಗಿ ಮಾತಾಡಿಸಿದೆ.

‘ಸಿದ್ರಾಯ ಅಂತ್ರಿ. ಬಾಜೂ ಊರಾಗ ಮಾಸ್ತರ ಅದೀನಿ. ಯಾಕ್ರಿ?’ ಅಂದ.

‘ಈಗ ಬಸ್ ಹತ್ತಿದ್ರಲ್ಲ, ಆ ಬಾಯಾರು ನಿಮಗ ಪರಿಚಯೇನು?’

ಅವನು ನಕ್ಕ. ‘ಪರಿಚಯ ಏನ ಹೇಳ್ಲಿರಿ. ಟ್ರೇನಿಂಗ್ ಕಾಲೇಜಿನ್ಯಾಗ ಒಂದಽ ಕ್ಲಾಸಿನ್ಯಾಗ ಕಲ್ತೇವಿ. ಈಗ ಎದುರಿಗೆ ನಿಂತ ಕೈ ಮುಗದ್ರೂ ಮಾರಿ ಬಾಜೂಕ ತಿರುಗಸ್ತಾರು. ನಾವು ಕುರುಬರು, ಅವ್ರು ದೊಡ್ಡ ಮನಿತನದಾವ್ರು. ಇರ್ಲಿ ಬಿಡ್ರಿ ಅಂತ ನಾನೂ ಕೈ ಮುಗಿಯೂದ ಬಿಟ್ಟೇನಿ.’

ಅವನಿಗೆ ಮದುವೆಯಾಗಿದೆ, ಮಕ್ಕಳಿದ್ದಾರೆ. ನಾನು ಯಾರೆಂದು ಹೇಳದೆ ಗೋಕಾಕದ ಬಸ್ಸು ಹತ್ತಿದೆ. ನಿನ್ನ ಮೇಲೆ ಸಂಶಯಪಟ್ಟಿದ್ದು ತಪ್ಪು. ಅದು ಮುಗಿಯಿತು. ಆದರೆ ಈ ಸೊಕ್ಕು ನಿನಗೆ ಎಲ್ಲಿಂದ ಬಂತು? ನಮ್ಮ ಮನೆಯಲ್ಲಿ ಯಾರೂ ಹೀಗೆ ನಡೆದುಕೊಂಡವರಲ್ಲ. ನಾಳೆಯೇ ಅವನಿಗೆ ನಮಸ್ಕಾರ ಹೇಳು.

ಕಾಕಾ


ಮೂಡಲಗಿ
22 ನವೆಂಬರ್ 2005

ಕಾಕಾ,

ಶನಿವಾರ ನೀವು ನನ್ನ ಎದುರಿಗೆ ಇದ್ದಿರಿ ಎಂಬುದು ನಿಮ್ಮ ಪತ್ರದಿಂದಲೇ ನನಗೆ ಗೊತ್ತಾಯಿತು. ಸಿದ್ರಾಯ ಆ ಸ್ಟ್ಯಾಂಡಿನಲ್ಲಿ ದಿನಾ ನಿಲ್ಲುತ್ತಾನೆ ಎಂಬುದೂ. ಯಾರೋ ನೀಲಿ ಅಂಗಿಯವರು ಇರುತ್ತಾರೆ ಎಂದಷ್ಟೇ ಗೊತ್ತಿತ್ತು.

ನನಗೆ ಮುಖಗಳು ಕಾಣುವುದಿಲ್ಲ. ಮನುಷ್ಯರು ಕಾಣುತ್ತಾರೆ, ಅವರ ನಡಿಗೆ, ಸೀರೆಯ ಬಣ್ಣ ಕಾಣುತ್ತವೆ. ಮುಖ ಇರಬೇಕಾದಲ್ಲಿ ಸ್ಲೇಟು ಒರೆಸಿದ ಹಾಗೆ ಒಂದು ಕಲೆ. ನೇರ ನೋಡಿದರೆ ಅದು ಎದುರಿಗೇ ಬಂದು ನಿಲ್ಲುತ್ತದೆ, ಹಾಗಾಗಿ ಪಕ್ಕಕ್ಕೆ ತಿರುಗಿ ಅಂಚಿನಿಂದ ನೋಡುತ್ತೇನೆ. ಅದಕ್ಕೇ ಸಿದ್ರಾಯನಿಗೆ ಹಾಗೆ ಅನ್ನಿಸಿದೆ. ಹೋದ ವರ್ಷ ತರಬೇತಿ ಎಂದು ನಿಮಗೆ ಹೇಳಿ ಹುಬ್ಬಳ್ಳಿಗೆ ಹೋದದ್ದು ಕಣ್ಣಿನ ಡಾಕ್ಟರ ಹತ್ತಿರ. ಕಣ್ಣಿನ ಒಳಪರದೆಯ ನಡುಭಾಗ ಸವೆಯುತ್ತಿದೆ ಎಂದರು. ಪೂರ್ತಿ ಕತ್ತಲೆ ಆಗುವುದಿಲ್ಲ, ಆದರೆ ಚಷ್ಮಾದಿಂದ ಸರಿಹೋಗುವುದೂ ಅಲ್ಲ. ರಕ್ತದಲ್ಲೇ ಬಂದದ್ದಂತೆ.

ನಿಮ್ಮ ಕ್ಯಾಮೆರಾ ಬರುವ ಮೊದಲು ಬಸ್ಸಿನ ಬೋರ್ಡನ್ನು ಯಾರಿಗಾದರೂ ಕೇಳಿ ಹತ್ತುತ್ತಿದ್ದೆ. ಈಗ ಫೋಟೋ ತೆಗೆದು, ದೊಡ್ಡದು ಮಾಡಿ, ಕಣ್ಣಿಗೆ ಹತ್ತಿರ ಹಿಡಿದು ಓದುತ್ತೇನೆ. ದಿನಾ ಬೆಳಿಗ್ಗೆ ತರಗತಿಯ ಫೋಟೋ ತೆಗೆದು ಯಾರು ಬಂದಿದ್ದಾರೆ, ಯಾರು ಅತ್ತ ಮುಖ ಮಾಡಿ ಕೂತಿದ್ದಾರೆ ಎಂದು ಒಬ್ಬೊಬ್ಬರನ್ನೇ ನೋಡುತ್ತೇನೆ. ನಿಮ್ಮ ಪತ್ರವನ್ನೂ ಹೂವಿನ ಗುರುತು ಇಟ್ಟು ತುಂಡು ತುಂಡು ತೆಗೆದು ಓದಿದ್ದು. ಕಾಕಿಗೆ ಬೇಸರವಾಗದಂತೆ ಹೇಳಿ.

ಮೊದಲೇ ಹೇಳಿದ್ದರೆ ನೌಕರಿ ಬಿಡಿಸಿ ಮನೆಗೆ ಕರೆಸುತ್ತಿದ್ದಿರಿ. ಕಾರ್ಡಿನ ಫೋಟೋಗಳನ್ನು ಅಳಿಸಿಯೇ ಕಳಿಸಬಹುದಿತ್ತು. ಪ್ರತಿ ಸಲ ಅಳಿಸಲು ಕೂತು ಹಾಗೇ ಬಿಟ್ಟೆ. ನೀವು ಫೋಟೋದವರು, ನೋಡಿದರೆ ನಿಮಗೇ ತಿಳಿದೀತು ಎಂದು ಎಲ್ಲೋ ಅನ್ನಿಸುತ್ತಿತ್ತು.

ಹುಕ್ಕೇರಿಗೆ ಇದನ್ನು ಹೇಳಬೇಕು. ನೀವು ಹೇಳುತ್ತೀರೋ, ನಾನು ಹೇಳಲೋ?

ಶುಭಾಂಗಿ


ಗೋಕಾಕ
5 ಡಿಸೆಂಬರ್ 2005

ಚಿ. ಶುಭಾಂಗಿಗೆ,

ಪತ್ರ ಬಂತು. ಕಾಕಿಗೆ ಓದಿ ಹೇಳಿಲ್ಲ.

ಹುಬ್ಬಳ್ಳಿಯವರೊಬ್ಬರೇ ಡಾಕ್ಟರಲ್ಲ. ಬೇಸಿಗೆ ರಜೆಯಲ್ಲಿ ಮಿರಜಕ್ಕೆ ಹೋಗಿ ತೋರಿಸೋಣ. ಅಲ್ಲಿಯವರೆಗೆ ಹುಕ್ಕೇರಿಗೆ ಏನೂ ಹೇಳುವ ಕಾರಣವಿಲ್ಲ. ಫೆಬ್ರುವರಿಯಲ್ಲಿ ನಿಶ್ಚಯ. ಮದುವೆಯಾದ ಮೇಲೆ ಮನೆಯ ಮಾತು ಮನೆಯಲ್ಲೇ ಇರುತ್ತದೆ. ನಾನು ಎಷ್ಟೋ ಹುಡುಗಿಯರ ನೆಗೆಟಿವ್‌ಗೆ ಪೆನ್ಸಿಲ್ ತಾಗಿಸಿ ಮುಖದ ಕಲೆ ಮುಚ್ಚಿ ಕೊಟ್ಟಿದ್ದೇನೆ. ಅವರೆಲ್ಲರ ಸಂಸಾರಗಳು ನಡೆದಿವೆ.

ಬೇರೆ ವಿಷಯವಿಲ್ಲ. ಸೆಲ್ ಕೈಕೊಡಬಾರದೆಂದು ಇನ್ನೊಂದು ಜೊತೆ ಕಳಿಸಿದ್ದೇನೆ.

ಕಾಕಾ


ಮೂಡಲಗಿ
9 ಜನವರಿ 2006

ಕಾಕಾ,

ನಿನ್ನೆ ಹುಕ್ಕೇರಿಗೆ ಹೋಗಿ ಬಂದೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ಬೇಡವೆನ್ನುತ್ತಿದ್ದಿರಿ.

ಭಾನುವಾರವಾದ್ದರಿಂದ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅರಿಹಂತ ಅವರು ಸೀರೆ ಬಿಚ್ಚಿ ತೋರಿಸುತ್ತಿದ್ದರು. ಜಿನ್ನವ್ವ ಅವರು ದುಡ್ಡಿನ ಗಲ್ಲೆಯ ಹತ್ತಿರ ಕೂತಿದ್ದರು. ಧ್ವನಿಯಿಂದ ಇಬ್ಬರನ್ನೂ ಗುರುತು ಹಿಡಿದೆ. ಒಳಗಿನ ಕೋಣೆಗೆ ಕರೆದರು. ನಿಮಗೆ ಬರೆದದ್ದನ್ನೇ ಹೇಳಿದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಾಗಿಲಿಗೆ ನೇತುಹಾಕಿದ್ದ ಸೀರೆಗಳ ಫೋಟೋ ತೆಗೆದು, ಚೀಟಿಯ ಮೇಲಿನ ದರವನ್ನು ದೊಡ್ಡದು ಮಾಡಿ ಓದಿ ತೋರಿಸಿದೆ.

ಅರಿಹಂತ ಅವರು ಕೇಳಿದರು: ‘ಹಂಗಾದ್ರ ಗೋಕಾಕದಾಗ ನಾ ನಿಮ್ಮನ್ನ ನೋಡಾಕ ಬಂದಾಗ, ನಿಮಗ ನಾ ಕಾಣಲೇ ಇಲ್ಲೇನ್ರಿ?’

‘ಆವಾಗ ಇಲ್ರಿ. ನೀವು ಹೋದಮ್ಯಾಲೆ ಅವತ್ತ ತಗದ ಫೋಟೋದಾಗ ನೋಡೇನಿ.’

‘ಅಂದ್ರ ನೋಡೂಕಿಂತ ಮೊದಲಽ ಒಪ್ಪಿದ್ರಿ.’

‘ನೀವು ಮಾತಾಡಿದ್ದು ಕೇಳಿದ್ನೆಲ್ರಿ.’

ಜಿನ್ನವ್ವ ಅವರು ಒಂದೇ ಪ್ರಶ್ನೆ ಕೇಳಿದರು. ‘ಹುಟ್ಟೂ ಮಕ್ಕಳಿಗೂ ಬರತೈತೇನವಾ ಇದು?’

‘ಬರಬಹುದು, ಬರದಽ ಇರಬಹುದು ಅಂದಾರ್ರಿ ಡಾಕ್ಟರು.’

‘ಬಂದ ಹೇಳಿದಿ, ಛಲೋ ಆತು. ಚಾ ಕುಡದ ಹೋಗು’ ಎಂದರು. ಚಹಾ ಕುಡಿದೆ. ಆ ಮಾತಿನಲ್ಲೇ ಬೇಡವೆಂಬ ಉತ್ತರ ಇತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಅರಿಹಂತ ಅವರು ಬಸ್ ಸ್ಟ್ಯಾಂಡಿನವರೆಗೆ ಬಂದರು. ಬಸ್ಸು ಬಂದಾಗ ಬೋರ್ಡನ್ನು ಅವರೇ ಓದಿ ಹೇಳಿದರು. ನಾನು ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.

ಅವರ ಕಡೆಯಿಂದ ನಿಮಗೆ ಮಾತು ಬರುತ್ತದೆ. ಬಂದಾಗ ಅವರೊಂದಿಗೆ ನಿಷ್ಠುರವಾಗಬೇಡಿ.

ಶುಭಾಂಗಿ


ಮೂಡಲಗಿ
27 ಫೆಬ್ರುವರಿ 2006

ಕಾಕಾ ಅವರಿಗೆ ನಮಸ್ಕಾರ.

ಜನವರಿಯ ಪತ್ರಕ್ಕೆ ಉತ್ತರ ಬರಲಿಲ್ಲ. ಆಮೇಲೆ ಕಳಿಸಿದ ಕಾರ್ಡೂ ಮರಳಿ ಬಂದಿಲ್ಲ. ಸ್ಟುಡಿಯೋಕ್ಕೆ ಫೋನು ಮಾಡಿದರೆ ಕಾಕಿ ಎತ್ತಿ, ‘ಅವ್ರು ಹೊರಗ ಹೋಗ್ಯಾರವಾ’ ಎನ್ನುತ್ತಾಳೆ. ಹಿಂದೆ ನಿಮ್ಮ ಕೆಮ್ಮು ಕೇಳುತ್ತದೆ.

ಹೆಡ್‌ಮಾಸ್ತರರಿಗೂ ಹೇಳಿದೆ. ಅವರು ಹಿಂದಿನ ಬಾಗಿಲಲ್ಲಿ ನಿಂತು ಇಡೀ ದಿನ ನನ್ನ ಪಾಠ ನೋಡಿದರು. ಸಂಜೆ, ‘ಮ್ಯಾಲಿನಾವ್ರಿಗೆ ಬರೀತೀನಿ. ಅವ್ರು ಬ್ಯಾಡ ಅನ್ನೂಮಟ ನೀವು ಕಲಸ್ರಿ’ ಎಂದರು. ಮಕ್ಕಳಿಗೆ ಹೇಳುವುದು ಎಲ್ಲಕ್ಕಿಂತ ಸುಲಭವಾಯಿತು. ಉತ್ತರ ಗೊತ್ತಿದ್ದವರು ಕೈ ಎತ್ತುವ ಬದಲು ಈಗ ಚಪ್ಪಾಳೆ ತಟ್ಟುತ್ತಾರೆ. ಗದ್ದಲ ಹೆಚ್ಚಾಗಿದೆ. ಸಿದ್ರಾಯನ ಕ್ಷಮೆ ಕೇಳಿದೆ. ಅವನು ನಾಚಿಕೊಂಡು ಮತ್ತೆ ಕೈ ಮುಗಿದ.

ನಿಮಗೆ ನನ್ನ ಮೇಲೆ ಸಿಟ್ಟಿದೆ. ಸಿಟ್ಟನ್ನಾದರೂ ಬರೆಯಿರಿ.

ಶುಭಾಂಗಿ


ಮೂಡಲಗಿ
6 ಏಪ್ರಿಲ್ 2006

ಕಾಕಾ,

ನಿನ್ನೆ ನೀವು ಶಾಲೆಗೆ ಬಂದು ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಾನು ಪಡಸಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಗೇಟಿನ ಹತ್ತಿರ ಯಾರೋ ನಿಂತ ಹಾಗಾಯಿತು. ಯಾರೆಂದು ನೋಡಲು ರೂಢಿಯಂತೆ ಫೋಟೋ ತೆಗೆದೆ. ದೊಡ್ಡದು ಮಾಡುವಷ್ಟರಲ್ಲಿ ನಿಮ್ಮ ಧ್ವನಿ ಬಂತು. ಅಂಥ ಧ್ವನಿಯನ್ನು ನಾನು ನಿಮ್ಮಿಂದ ಕೇಳಿಯೇ ಇರಲಿಲ್ಲ.

‘ಸಾಕ ಮಾಡು ಇನ್ನ. ರಾಜೀನಾಮಿ ಬರದ ಕೊಟ್ಟ ಗೋಕಾಕಕ್ಕ ನಡಿ. ನನ್ನ ಮಾತ ಮೀರಿ ಹುಕ್ಕೇರಿಗೆ ಹೋದಿ. ಮಂದಿ ಮುಂದ ನನ್ನ ಮಾರಿ ತಗ್ಗಿಸಿದಿ. ಇನ್ನೂ ಏನ ಮಾಡಾಕಿ ಅದಿ?’

ನಾನು ಬರುವುದಿಲ್ಲ ಎಂದೆ. ನೀವು ಇನ್ನೂ ಜೋರಾಗಿ ಕೂಗಿದಿರಿ. ಚನ್ನವ್ವ ಎದ್ದು ನಿಂತು, ‘ನಮ್ಮ ಅಕ್ಕೋರಿಗೆ ಯಾಕ್ರಿ ಒದರಾಕತ್ತೀರಿ?’ ಎಂದಳು. ನಿಮ್ಮ ಚಪ್ಪಲಿಯ ಸಪ್ಪಳ ಗೇಟು ದಾಟಿ ಹೋಯಿತು. ನಾನು ಮಗ್ಗಿ ಮುಂದುವರಿಸಿದೆ. ನಿಜ ಹೇಳುತ್ತೇನೆ ಕಾಕಾ, ನನಗೂ ಸಿಟ್ಟು ಬಂದಿತ್ತು. ಇನ್ನು ಗೋಕಾಕಕ್ಕೆ ಕಾಲಿಡುವುದಿಲ್ಲ ಎಂದುಕೊಂಡು ಮನೆಗೆ ಬಂದೆ.

ಸಂಜೆ ಸೆಲ್ ಚಾರ್ಜಿಗೆ ಹಾಕುವ ಮೊದಲು ದಿನದ ಫೋಟೋಗಳನ್ನು ಅಳಿಸುತ್ತ ಕೂತಾಗ ಗೇಟಿನ ಫೋಟೋ ಬಂತು. ದೊಡ್ಡದು ಮಾಡಿ ನೋಡಿದೆ. ನೀವು ಗೇಟಿನ ಕಂಬಕ್ಕೆ ಕೈ ಊರಿ ನಿಂತಿದ್ದೀರಿ. ಚಷ್ಮಾ ಕೈಯಲ್ಲಿದೆ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದೀರಿ. ಕೂಗುವ ಮೊದಲಿನದು ಅದು.

ನಿಮ್ಮ ಕೂದಲು ಇಷ್ಟು ಬೆಳ್ಳಗಾದದ್ದು ನನಗೆ ಗೊತ್ತಿರಲಿಲ್ಲ. ಮನೆಗೆ ಬಂದಾಗಲೆಲ್ಲ ನೀವು ಎದುರಿಗೇ ಕೂತಿರುತ್ತಿದ್ದಿರಿ, ಫೋಟೋ ತೆಗೆದು ನೋಡುವ ಪ್ರಸಂಗ ಬಂದಿರಲಿಲ್ಲ.

ಎಲ್ಲ ಅಳಿಸಿ ಅದೊಂದನ್ನು ಉಳಿಸಿದ್ದೇನೆ. ಕಾರ್ಡನ್ನು ಇದರ ಜೊತೆ ಕಳಿಸುತ್ತಿದ್ದೇನೆ. ನಾನು ನೌಕರಿ ಬಿಡುವುದಿಲ್ಲ. ಮಿರಜಕ್ಕೆ ನಿಮ್ಮ ಜೊತೆ ಬರುತ್ತೇನೆ.

ಶುಭಾಂಗಿ


ಗೋಕಾಕ
13 ಏಪ್ರಿಲ್ 2006

ಚಿ. ಶುಭಾಂಗಿಗೆ ಆಶೀರ್ವಾದ.

ಕಾರ್ಡು ಮುಟ್ಟಿತು. ಫೋಟೋ ನೋಡಿದೆ. ಕೈ ಅಲುಗಿದೆ, ತಲೆಯ ಮೇಲೆ ಆಕಾಶ ಹೆಚ್ಚಾಗಿದೆ. ಆದರೆ ಇರುವುದು ಇದ್ದ ಹಾಗೆ ಬಂದಿದೆ. ಒಂದು ಪ್ರಿಂಟು ಹಾಕಿಸಿ ಕಾಕಿಗೆ ತೋರಿಸಿದೆ, ಆಮೇಲೆ ನಿನ್ನ ಎಲ್ಲ ಪತ್ರಗಳನ್ನೂ ಓದಿ ಹೇಳಿದೆ. ಅವಳು ಎರಡು ದಿನದಿಂದ ನನ್ನೊಂದಿಗೆ ಮಾತಾಡಿಲ್ಲ, ನಿನ್ನ ಮೇಲೆ ಸಿಟ್ಟಿಲ್ಲ.

ಮೇ ಮೊದಲ ವಾರ ಮಿರಜಕ್ಕೆ ಹೋಗೋಣ. ಡಾಕ್ಟರು ಏನೇ ಹೇಳಲಿ, ಜೂನಿನಲ್ಲಿ ನಿನ್ನ ಶಾಲೆ ಶುರುವಾಗುತ್ತದೆ. ಅದರ ಬಗ್ಗೆ ನಾನು ಇನ್ನು ಮಾತಾಡುವುದಿಲ್ಲ.

ಆ ಹುಡುಗಿ ಚನ್ನವ್ವನಿಗೆ ನಾನು ನಿನ್ನ ಕಾಕಾ ಎಂದು ಹೇಳು. ಮುಂದಿನ ಸಲ ಬಂದಾಗ ಗೇಟಿನಲ್ಲೇ ನಿಂತು ಹೆಸರು ಹೇಳಿ ಒಳಗೆ ಬರುತ್ತೇನೆ.

ಕಾಕಾ